ಎಚ್‌ಐವಿ ಕಣ ಕಟ್ಟುವಾಗ ಎನ್ವ್ ಪ್ರೋಟೀನ್ (ಕಣದ ಹೊರಮೈಯ ಮುಳ್ಳು) ತಾನಾಗಿ ಸೇರುತ್ತಾ, ಗ್ಯಾಗ್ (ಕಣದ ಚೌಕಟ್ಟು ಕಟ್ಟೋ ಪ್ರೋಟೀನ್) ಎಳ್ಕೊಳ್ಳುತ್ತಾ? ಸೆಮಿನಾರ್‌ಗೆ ಯಾವುದು ಸರಿ ಅಂತ ಬರೀಲಿ?

ಎರಡರಲ್ಲಿ ಒಂದನ್ನ ಆರಿಸಲೇಬೇಕು ಅನ್ನೋ ಹಟದಲ್ಲೇ ನನ್ನ ಪಿಎಚ್‌ಡಿ ಸೀಟು ಹೋಗಿದ್ದು ಮಾರಾಯ್ರೆ.

ಶಂಕರಘಟ್ಟದಲ್ಲಿ ಎಂಎಸ್ಸಿ ಮಾಡ್ತಿದ್ದಾಗ ಸುತ್ತಮುತ್ತ ಎಲ್ರಿಗೂ ಮಂಗನ ಕಾಯಿಲೆಯೇ ವಿಷಯ. ನಾನು ಸೊರಬದ ಕಡೆಯವನು, ಕ್ಯಾಸನೂರಿನ ಹೆಸರು ಕೇಳಿ ಕೇಳಿ ಸಾಕಾಗಿ ಎಚ್‌ಐವಿ ಹಿಡಿದೆ. ಲ್ಯಾಬ್ ಕೆಲಸ ಏನಿಲ್ಲ, ಪೇಪರ್ ಓದಿ ಬರೆಯೋದಷ್ಟೆ. ಮಂಗನ ಕಾಯಿಲೆ ವೈರಸ್ಸಿನ ಫ್ಲೇವಿವೈರಸ್ ಕುಟುಂಬದಲ್ಲಿ ಕಣದ ಮೈತುಂಬ 180 ಇ ಪ್ರೋಟೀನ್ ಒತ್ತಾಗಿ ಜೋಡಿಸಿರುತ್ತೆ. ಎಚ್‌ಐವಿಯಲ್ಲಿ ಗ್ಯಾಗ್ 2,000ಕ್ಕೂ ಮೇಲಿದ್ರೂ ಎನ್ವ್ ಮುಳ್ಳುಗಳು ಸರಾಸರಿ ಹತ್ತರ ಆಸುಪಾಸು. ಎನ್ವ್ ಒಂದೂ ಇಲ್ದೆ ಗ್ಯಾಗ್ ಕಣ ಕಟ್ಟಿ ಜೀವಕೋಶದಿಂದ ಹೊರಬೀಳುತ್ತೆ, ಸೋಂಕು ತಗುಲಿಸಲ್ಲ ಅಷ್ಟೆ. ಸಾಲದ್ದಕ್ಕೆ ವಿಎಸ್‌ವಿ ಅನ್ನೋ ಬೇರೆಯೇ ವೈರಸ್ಸಿನ ಜಿ ಪ್ರೋಟೀನನ್ನೂ ಮೈಮೇಲೆ ಹೊತ್ಕೊಳ್ಳುತ್ತೆ. ಹಾಗಾದ್ರೆ ಜೀವಕೋಶದ ಪೊರೆಯಲ್ಲಿ ಸಿಕ್ಕಿದ್ದು ತಾನಾಗಿ ಸೇರುತ್ತೆ ಅಂತ ಬರೆದುಬಿಟ್ಟೆ.

ಈಗ ತಪ್ಪು ಎಲ್ಲಾಯ್ತು ಕೇಳಿ. ಎನ್ವ್‌ನ ಜಿಪಿ41 ತುಂಡಿಗೆ ಕೋಶದೊಳಗೆ ಚಾಚಿಕೊಂಡಿರೋ ಸುಮಾರು 150 ಅಮೈನೋ ಆಮ್ಲದ ಬಾಲ ಇದೆ. ಬಾಲ ಕತ್ತರಿಸಿದ್ರೂ ಹೀಲಾ ಅನ್ನೋ ಲ್ಯಾಬ್ ಕೋಶಗಳಲ್ಲಿ ಎನ್ವ್ ಸೇರುತ್ತೆ. ನಾನು ಅಷ್ಟನ್ನೇ ಓದಿ 'ಬಾಲ ಬೇಕಿಲ್ಲ' ಅಂದೆ. ಬೆಂಗಳೂರಿನ ಸಂದರ್ಶನದಲ್ಲಿ ಒಬ್ಬ ಮೇಡಂ ಕೇಳಿದ್ದು ಒಂದೇ: "ಟಿ ಕೋಶದಲ್ಲಿ?" ನನ್ನ ಬಾಯಿ ಕಟ್ಟಿತು. ಟಿ ಕೋಶ ಅಂದ್ರೆ ರೋಗ ತಡೆಯೋ ಒಂದು ಬಗೆಯ ಬಿಳಿ ರಕ್ತಕಣ. ಎಚ್9, ಜರ್ಕಾಟ್‌ನಂಥ ಟಿ ಕೋಶಗಳಲ್ಲಿ, ರಕ್ತದಿಂದಲೇ ತೆಗೆದ ಟಿ ಕೋಶಗಳಲ್ಲೂ ಬಾಲ ಇಲ್ದಿದ್ರೆ ಎನ್ವ್ ಸರಿಯಾಗಿ ಸೇರೋದಿಲ್ಲ. ಹೀಲಾ ಬಂದಿದ್ದು ಗರ್ಭಕೊರಳಿನ ಕ್ಯಾನ್ಸರ್‌ನಿಂದ. ನಮ್ಮ ಮೈಯಲ್ಲಿ ಎಚ್‌ಐವಿ ಬೆಳೆಯೋದು ಮುಖ್ಯವಾಗಿ ಟಿ ಕೋಶದಲ್ಲಿ. ಹಾಗಂತ ಟಿ ಕೋಶಗಳೆಲ್ಲ ಒಂದೇ ಥರವೂ ಅಲ್ಲ, ಎಂಟಿ-4ರಲ್ಲಿ ಬಾಲ ಇಲ್ದೆಯೂ ನಡೆಯುತ್ತೆ. ಕೋಶದ ಹೆಸರು ಬಿಟ್ಟು ಫಲಿತಾಂಶ ಮಾತ್ರ ಬರ್ಕೊಂಡಿದ್ದೇ ನನ್ನ ಕುತ್ತಿಗೆಗೆ ಬಂತು.

ಗ್ಯಾಗ್ ಎಳೆಯೋ ಮಾಡೆಲ್ಲೇ ಗೆದ್ದಿತು ಅಂತಲೂ ಬರೀಬೇಡಿ. ಗ್ಯಾಗ್‌ನ ಮ್ಯಾಟ್ರಿಕ್ಸ್ ಭಾಗದಲ್ಲಿ ಕೆಲವು ಅಮೈನೋ ಆಮ್ಲ ಬದಲಾದ್ರೆ ಎನ್ವ್ ಸೇರೋದು ನಿಲ್ಲುತ್ತೆ; ಆಮೇಲೆ ಎನ್ವ್ ಬಾಲ ಕತ್ತರಿಸಿದ್ರೆ ಮತ್ತೆ ಸೇರುತ್ತೆ, ಅದೂ ಹೀಲಾದಲ್ಲಿ! 1990ರ ದಶಕದಲ್ಲಿ ವೈರಸ್ ಸಂಶೋಧಕರಾದ ಎರಿಕ್ ಫ್ರೀಡ್ ಮತ್ತು ಮಾಲ್ಕಮ್ ಮಾರ್ಟಿನ್ ತೋರಿಸಿದ್ದು ಇದು. ಅಂದ್ರೆ ಆ ಬಾಲಕ್ಕೆ ಮ್ಯಾಟ್ರಿಕ್ಸ್ ಜಾಲರಿಯಲ್ಲಿ ಜಾಗ ಸಿಗಬೇಕು, ಜಾಗ ಇಲ್ಲದಿದ್ರೆ ಬಾಲವೇ ಅಡ್ಡಿ. ಇದು ಎಳೆಯೋದೋ, ಅಡ್ಡಿ ಮಾಡದೇ ಬಿಡೋದೋ ನೀವೇ ಹೇಳಿ. ಜೊತೆಗೆ ಪೊರೆಗೆ ಬಂದ ಎನ್ವ್ ಅಲ್ಲೇ ಕೂರಲ್ಲ. ಬಾಲದಲ್ಲಿರೋ ಟೈರೋಸಿನ್ ಗುರುತನ್ನ ಕೋಶದ ಎಪಿ-2 ಅನ್ನೋ ಪ್ರೋಟೀನ್ ಜೋಡಣೆ ಹಿಡಿದು ವಾಪಸ್ ಒಳಗೆಳೆಯುತ್ತೆ. ಮುಳ್ಳು ಕಡಿಮೆ ಇರೋದಕ್ಕೆ ಅದೂ ಒಂದು ಕಾರಣ.

ಹಂಗಾಗಿ 'ಯಾವ ಮಾಡೆಲ್ ಸರಿ' ಅನ್ನೋ ಪ್ರಶ್ನೆಯನ್ನೇ ಕೈಬಿಡಿ. ಪ್ರತಿ ಫಲಿತಾಂಶದ ಪಕ್ಕ ಕೋಶದ ಹೆಸರು ಬರೀರಿ. ಇನ್ನು ಟಿಐಪಿ47 ಅನ್ನೋ ಕೋಶದ ಪ್ರೋಟೀನ್ ಎನ್ವ್, ಗ್ಯಾಗ್ ಎರಡನ್ನೂ ಜೋಡಿಸುತ್ತೆ ಅಂತ ಹಳೇ ರಿವ್ಯೂಗಳಲ್ಲಿ ಇರುತ್ತೆ. ಅದು ಅತ್ಯಗತ್ಯ ಅಲ್ಲ ಅಂತ 2013ರ ಮರುಪರೀಕ್ಷೆ ಹೇಳಿದೆ, ಆ ಸ್ಲೈಡ್ ಹಾಕೋದಾದ್ರೆ ಇದನ್ನೂ ಸೇರಿಸಿ.