ಕನ್ಸೀಲ್ಡ್ ಕ್ಯಾರಿಗೆ (ಗನ್ ಹೊರಗೆ ಕಾಣದ ಹಾಗೆ ಒಯ್ಯೋಕೆ) ಹಗುರವಾದ ಚಿಕ್ಕ ರಿವಾಲ್ವರ್ ಸರಿಹೋಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಟೆಕ್ಸಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಬಂದಿದೆ, ಕೆಲಸ ಮುಗಿಸಿ ಬರೋದು ರಾತ್ರಿ ತಡವಾಗುತ್ತೆ. ಜೇಬಿನಲ್ಲಿ ಇಟ್ಟುಕೊಂಡು ಓಡಾಡೋಕೆ ಸ್ಮಿತ್ ಅಂಡ್ ವೆಸನ್ 642 ಏರ್‌ವೇಟ್ ಸಾಕಾ, ಅಥವಾ ಅದಕ್ಕಿಂತ ಹಗುರವಾದ 340ಪಿಡಿ ಒಳ್ಳೇದಾ, ನಿಮ್ಮ ಶ್ರೀಮತಿಯವರೂ ಅದನ್ನೇ ಬಳಸಬಹುದಾ ಅಂತ ಕೇಳಿದ್ದೀರಿ. ನಾನು ಹ್ಯೂಸ್ಟನ್ ಹತ್ತಿರ ದಿನಸಿ ಅಂಗಡಿ ನಡೆಸುತ್ತೇನೆ. ಎಂಟು ವರ್ಷದಿಂದ 642 ನನ್ನ ಜೊತೆಗಿದೆ. ನನ್ನನ್ನು ಕೇಳಿದರೆ 642 ತಗೊಳ್ಳಿ, 340ಪಿಡಿ ಬೇಡ. ಆದರೆ ದುಡ್ಡು ಕೊಡುವ ಮೊದಲು ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು 50 ಗುಂಡು ಹೊಡೆದು ನೋಡಲೇಬೇಕು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಶ್ರೀಮತಿಯವರ ವಿಷಯ. ಅವರಿಗೂ ಗ್ರೀನ್ ಕಾರ್ಡ್ ಬಂದಿದೆಯಾ ಅಂತ ನೀವು ಬರೆದಿಲ್ಲ. ಅವರು ಇನ್ನೂ ವೀಸಾದಲ್ಲೇ ಇದ್ದರೆ ದಯವಿಟ್ಟು ಗನ್ ಅವರ ಕೈಗೆ ಕೊಡಬೇಡಿ. ಎಚ್-1ಬಿ, ಎಚ್-4, ಎಫ್-1 ಥರದ ವೀಸಾದಲ್ಲಿರುವವರು ಗನ್ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಮುಂದೆ ಹೋಗುವ ಮೊದಲು ವಕೀಲರನ್ನು ಕೇಳಿ. ನಮ್ಮ ಜನ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಸ್ನೇಹಿತರು ಕರೆದರು ಅಂತ ಸುಮ್ನೆ ರೇಂಜ್‌ಗೆ ಹೋಗಿ ಫೋಟೋ ತೆಗೆಸಿಕೊಂಡು ಹಾಕುತ್ತಾರೆ. ಇಷ್ಟು ವರ್ಷ ಕಾದ ಗ್ರೀನ್ ಕಾರ್ಡ್‌ಗೇ ಕುತ್ತು ಬರಬಹುದು, ಅದಕ್ಕೇ ಇದನ್ನು ಮೊದಲು ಹೇಳಿದೆ. ನಿಮಗೆ ಆ ತೊಂದರೆ ಇಲ್ಲ. ಗ್ರೀನ್ ಕಾರ್ಡ್ ಇರುವವರು ಗನ್ ಅಂಗಡಿಯಲ್ಲಿ 4473 ಫಾರಂ (ಗನ್ ಕೊಳ್ಳುವಾಗ ತುಂಬುವ ಫೆಡರಲ್ ಅರ್ಜಿ) ತುಂಬಿ ಕೊಳ್ಳಬಹುದು.

2021 ರ ಸೆಪ್ಟೆಂಬರ್ 1 ರಿಂದ ಟೆಕ್ಸಸ್‌ನಲ್ಲಿ 21 ತುಂಬಿದವರು, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡಬಹುದು. ಆದರೂ ಎಲ್‌ಟಿಸಿ, ಅಂದರೆ ಟೆಕ್ಸಸ್‌ನ ಲೈಸೆನ್ಸ್ ಟು ಕ್ಯಾರಿ, ಮಾಡಿಸಿಕೊಳ್ಳಿ. ಬೇರೆ ಎಷ್ಟೋ ರಾಜ್ಯಗಳಲ್ಲಿ ಅದು ನಡೆಯುತ್ತೆ. ಶಾಲೆಯಿಂದ 1000 ಅಡಿ ಒಳಗೆ ಗನ್ ಒಯ್ಯಬಾರದು ಅನ್ನೋ ಫೆಡರಲ್ ಕಾನೂನಿನಿಂದಲೂ ಆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಇದು ದೊಡ್ಡ ವಿಷಯ. ಶಾಲೆಯ ಕಟ್ಟಡದೊಳಗೆ ಮಾತ್ರ ಲೈಸೆನ್ಸ್ ಇದ್ದರೂ ಒಯ್ಯುವಂತಿಲ್ಲ.

ಈಗ ಗನ್ ವಿಷಯಕ್ಕೆ ಬರೋಣ. ನಾನು ಕೊಡಗಿನವಳು. ಮನೆಯಲ್ಲಿ ಅಪ್ಪನ ಜೋಡಿ ನಳಿಗೆ ಕೋವಿ ಇತ್ತು. ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಅದನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಕೋವಿ ಭಾರ, ಹೆಗಲಿಗೆ ಒದೆಯುತ್ತೆ ಅನ್ನೋದು ಚಿಕ್ಕಂದಿನಿಂದ ಗೊತ್ತು. ಹಾಗಾಗಿ ಅಂಗೈ ಅಗಲದ ರಿವಾಲ್ವರ್ ಎಷ್ಟು ಒದ್ದೀತು ಅಂತ ನಾನೂ ಅಂದುಕೊಂಡಿದ್ದೆ. ಅದು ಪೂರ್ತಿ ಉಲ್ಟಾ. ಒಂದೇ ತೋಟಾವನ್ನು ಭಾರದ ಗನ್‌ನಲ್ಲಿ ಹೊಡೆದರೆ ಗನ್ನೇ ಆ ಒದೆತದ ಒಂದು ಪಾಲನ್ನು ನುಂಗಿಬಿಡುತ್ತೆ. ಹಗುರ ಗನ್‌ನಲ್ಲಿ ಅದು ನಿಮ್ಮ ಅಂಗೈಗೆ ಬರುತ್ತೆ. ಹೆಗಲಿನ ಆಸರೆಯೂ ಇಲ್ಲ.

ತೂಕ ನೋಡಿ. 1950 ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್‌ನ ಚೀಫ್ಸ್ ಸ್ಪೆಷಲ್ ಪೂರ್ತಿ ಉಕ್ಕಿನದು, ಸುಮಾರು 550 ಗ್ರಾಂ. ಐದು ಗುಂಡಿನ ಈ ಜೆ-ಫ್ರೇಮ್ (ಆ ಕಂಪನಿಯ ಚಿಕ್ಕ ಫ್ರೇಮ್) ರಿವಾಲ್ವರ್‌ಗಳ ಮೂಲ ಅದೇ. 642 ರಲ್ಲಿ ಫ್ರೇಮ್ ಅಲ್ಯೂಮಿನಿಯಂ, ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಮತ್ತು ನಳಿಗೆ ಉಕ್ಕು. ಸುಮಾರು 410 ಗ್ರಾಂ. ರೂಗರ್ ಕಂಪನಿಯ ಚಿಕ್ಕ ರಿವಾಲ್ವರ್ ಎಲ್‌ಸಿಆರ್, 642 ರಂತೆ .38 ಸ್ಪೆಷಲ್ ತೋಟಾದ್ದು, ಸುಮಾರು 380. 340ಪಿಡಿಯ ಫ್ರೇಮ್‌ನಲ್ಲಿ ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ, ಸಿಲಿಂಡರ್ ಟೈಟಾನಿಯಂ. ಸುಮಾರು 330 ಗ್ರಾಂ ಅಷ್ಟೇ. ಅದರಲ್ಲಿ .357 ಮ್ಯಾಗ್ನಮ್ (.38 ಗಿಂತ ಬಹಳ ಜೋರಾದ ತೋಟಾ) ಹೊಡೆಯಬಹುದು ಅನ್ನೋದೇ ಅದರ ಆಕರ್ಷಣೆ. 642 ಕ್ಕೂ ಅದಕ್ಕೂ 80 ಗ್ರಾಂ ವ್ಯತ್ಯಾಸ. ಜೇಬಿನಲ್ಲಿ ಆ 80 ಗ್ರಾಂ ಗೊತ್ತೂ ಆಗೋದಿಲ್ಲ. ಕೈಯಲ್ಲಿ ಗೊತ್ತಾಗುತ್ತೆ.

ನಾನು ಕೊಳ್ಳುವ ಮೊದಲು ರೇಂಜ್‌ನಲ್ಲಿ ಎರಡನ್ನೂ ಬಾಡಿಗೆಗೆ ತಗೊಂಡಿದ್ದೆ. 340ಪಿಡಿಗೆ ಮ್ಯಾಗ್ನಮ್ ಹಾಕಿ ಮೊದಲ ಗುಂಡು ಹೊಡೆದಾಗ ಬೆಂಕಿ ಕಂಡಿತು, ಗುರಿ ಹಲಗೆ ಕಾಣಲಿಲ್ಲ. ಮೂರನೆಯದಕ್ಕೆ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲಿ ಚರ್ಮ ಕಿತ್ತು ರಕ್ತ ಬಂತು. ನಾಲ್ಕನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದೆ ಅಂತ ನನಗೇ ಗೊತ್ತಾಯಿತು. ಐದನೆಯದನ್ನು ಹೊಡೆಯದೆ ವಾಪಸ್ ಕೊಟ್ಟೆ. ಹೊಡೆಯೋಕೆ ಹೆದರಿಕೆಯಾಗುವ ಗನ್‌ನಲ್ಲಿ ಯಾರೂ ಅಭ್ಯಾಸ ಮಾಡೋದಿಲ್ಲ. ಅಭ್ಯಾಸ ಇಲ್ಲದೆ ಗನ್ ಜೇಬಿನಲ್ಲಿಟ್ಟುಕೊಂಡು ಓಡಾಡೋದು ನಿಮಗೂ ಅಪಾಯ, ಪಕ್ಕದಲ್ಲಿ ನಡೆದು ಹೋಗುವವರಿಗೂ ಅಪಾಯ. ಅದರಲ್ಲಿ .38 ಹಾಕಬಹುದಲ್ವಾ ಅಂತ ನೀವು ಕೇಳಬಹುದು. ಹಾಕಬಹುದು. ಆದರೆ .38 ಹಾಕೋದಾದರೆ ಅಷ್ಟು ಜಾಸ್ತಿ ದುಡ್ಡು ಕೊಟ್ಟು ಮ್ಯಾಗ್ನಮ್ ಯಾಕೆ ಕೊಳ್ಳಬೇಕು? ಅಲ್ಲದೆ 120 ಗ್ರೇನ್‌ಗಿಂತ (ಗ್ರೇನ್ ಅಂದರೆ ಬುಲೆಟ್ ತೂಕದ ಅಳತೆ) ಹಗುರವಾದ ಬುಲೆಟ್ ಹಾಕಬೇಡಿ ಅಂತ ಆ ಗನ್ ಮೇಲೆಯೇ ಬರೆದಿರುತ್ತೆ. ಇಷ್ಟು ಹಗುರ ಗನ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಒದೆತದ ರಭಸಕ್ಕೆ ಇನ್ನೂ ಹೊಡೆಯದ ತೋಟಾಗಳ ಬುಲೆಟ್ ಸಡಿಲವಾಗಿ ಮುಂದೆ ಜಾರಬಹುದು. ಅದು ಸಿಲಿಂಡರ್‌ನಿಂದ ಹೊರಗೆ ಚಾಚಿದರೆ ಸಿಲಿಂಡರ್ ತಿರುಗೋದೇ ಇಲ್ಲ.

642 ಮೆತ್ತಗಿನ ಗನ್ ಅಂತ ನಾನು ಹೇಳುತ್ತಿಲ್ಲ. ಅದೂ ಒದೆಯುತ್ತೆ. ಆದರೆ ತೋಟಾ ಸರಿಯಾಗಿ ಆರಿಸಿದರೆ ತಡೆಯಬಹುದು. ನಾನು ಅಭ್ಯಾಸಕ್ಕೆ ಬಳಸೋದು 148 ಗ್ರೇನ್ ವಾಡ್‌ಕಟರ್. ಮೂತಿ ಚಪ್ಪಟೆ, ವೇಗ ಕಡಿಮೆ, ಒದೆತವೂ ಕಡಿಮೆ. ಜೇಬಿನಲ್ಲಿಟ್ಟುಕೊಳ್ಳುವಾಗ ಸ್ಪೀರ್ ಗೋಲ್ಡ್ ಡಾಟ್ 135 ಗ್ರೇನ್ ಪ್ಲಸ್-ಪಿ (ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ) ಹಾಕುತ್ತೇನೆ. ಅದನ್ನು ಗಿಡ್ಡ ನಳಿಗೆಗೆ ಅಂತಲೇ ಮಾಡಿರೋದು. ಇದರ ನಳಿಗೆ ಎರಡು ಇಂಚೂ ಇಲ್ಲ, ದೊಡ್ಡ ರಿವಾಲ್ವರ್‌ನಷ್ಟು ವೇಗ ಇದರಲ್ಲಿ ಬರೋದಿಲ್ಲ. ಪ್ಲಸ್-ಪಿ ಕೈಗೆ ನೋವಾದರೆ ವಾಡ್‌ಕಟರನ್ನೇ ಇಟ್ಟುಕೊಳ್ಳಿ, ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ತಪ್ಪಿ ಹೋಗುವ ಜೋರಾದ ಗುಂಡಿಗಿಂತ ಗುರಿಗೆ ತಾಗುವ ಮೆತ್ತಗಿನ ಗುಂಡು ಮೇಲು.

ಟ್ರಿಗರ್ ಬಗ್ಗೆ ಗನ್ ಅಂಗಡಿಯವರು ಸರಿಯಾಗಿ ಹೇಳೋದಿಲ್ಲ. 642 ರ ಹ್ಯಾಮರ್, ನಮ್ಮ ಕಡೆ ಕೋವಿಯ ಕುದುರೆ ಅಂತಾರಲ್ಲ ಅದು, ಪೂರ್ತಿ ಒಳಗಿದೆ. 1952 ರ ಸೆಂಟೆನಿಯಲ್ ಮಾದರಿಯಿಂದ ಬಂದ ವಿನ್ಯಾಸ ಅದು. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳೋದಿಲ್ಲ, ಬಹಳ ಒಳ್ಳೇದು. ಆದರೆ ಕುದುರೆಯನ್ನು ಬೆರಳಲ್ಲಿ ಎಳೆದಿಟ್ಟು ಆಮೇಲೆ ಮೆಲ್ಲಗೆ ಹೊಡೆಯೋಕೆ ಆಗೋದಿಲ್ಲ. ಪ್ರತಿ ಗುಂಡಿಗೂ ಉದ್ದಕ್ಕೆ ಎಳೆಯಬೇಕು, ಅದಕ್ಕೆ 5 ಕೆಜಿಗಿಂತ ಜಾಸ್ತಿ ಬಲ ಬೇಕು. ಗನ್ ತೂಗೋದು ಅರ್ಧ ಕೆಜಿಗಿಂತ ಕಡಿಮೆ, ಬೆರಳು ಎಳೆಯೋದು ಐದು ಕೆಜಿ. ಎಳೆಯುವಷ್ಟರಲ್ಲಿ ಗನ್ ಪಕ್ಕಕ್ಕೆ ತಿರುಗಿರುತ್ತೆ. ರಿವಾಲ್ವರ್ ಹೆಂಗಸರಿಗೆ ಸುಲಭ, ಹೊಸಬರಿಗೆ ಸುಲಭ ಅಂತ ಹೇಳುವವರು ಇದನ್ನು ಯೋಚನೆ ಮಾಡಿರೋದಿಲ್ಲ. ಬಳಸೋಕೆ ಸುಲಭ ನಿಜ, ಗುರಿಗೆ ಹೊಡೆಯೋಕೆ ಕಷ್ಟ. ರೂಗರ್ ಎಲ್‌ಸಿಆರ್‌ನ ಟ್ರಿಗರ್ ಇದಕ್ಕಿಂತ ನುಣುಪು. ಬೆರಳಲ್ಲಿ ಬಲ ಕಡಿಮೆ ಇದ್ದರೆ ಅದನ್ನೂ ಒಮ್ಮೆ ಹಿಡಿದು ನೋಡಿ.

ನನ್ನ ಕೈ ಪಳಗಿದ್ದು ಮನೆಯಲ್ಲಿ, ಖಾಲಿ ಗನ್‌ನಲ್ಲಿ. ತೋಟಾ ಎಲ್ಲ ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರ್ ತೆರೆದು ಐದೂ ತೂತು ಬೆರಳಲ್ಲಿ ಮುಟ್ಟಿ ನೋಡಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿ, ಗುಂಡು ತಡೆಯುವ ಗೋಡೆ ಇರುವ ಕಡೆಗೆ ಮಾತ್ರ ಗುರಿ. ಮುಂದಿನ ಸೈಟ್ ಮೇಲೆ ಒಂದು ಸೆಂಟ್ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ಮೊದಲ ವಾರ ಪ್ರತಿ ಸಲ ಬಿತ್ತು. ಎರಡು ತಿಂಗಳಿಗೆ ನಿಂತಿತು. ಆ ಸೈಟ್ ಫ್ರೇಮ್‌ನ ಬೂದು ಬಣ್ಣದ್ದೇ ಆಗಿರೋದರಿಂದ ಬಿಸಿಲಲ್ಲಿ ಕಣ್ಣಿಗೆ ಬೀಳೋದೇ ಇಲ್ಲ. ಮೊದಲು ಬಿಳಿ, ಅದು ಒಣಗಿದ ಮೇಲೆ ಕೇಸರಿ ನೇಲ್ ಪಾಲಿಶ್ ಹಚ್ಚಿದೆ. ವರ್ಷಕ್ಕೊಮ್ಮೆ ಮತ್ತೆ ಹಚ್ಚಿದರೆ ಸಾಕು.

ಬಾಡಿಗೆ ಗನ್ ಪರೀಕ್ಷೆಗೆ ಎಲ್‌ಟಿಸಿಯ ಪರೀಕ್ಷೆಯನ್ನೇ ಅಳತೆಗೋಲು ಮಾಡಿಕೊಳ್ಳಿ. 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10 ಗುಂಡು. 250 ಅಂಕಕ್ಕೆ 175 ಬಂದರೆ ಪಾಸ್. ಚಿಕ್ಕ ರಿವಾಲ್ವರ್‌ನಲ್ಲಿ 15 ಗಜ ಕಷ್ಟ, ಅಲ್ಲಿ ಒಂದೆರಡು ತಪ್ಪಿದರೆ ಬೇಜಾರು ಬೇಡ. ನಾನು ನೋಡಿ ಅನ್ನೋದು 7 ಗಜದ ಕೊನೆಯ ಐದು ಗುಂಡನ್ನು. ಅಷ್ಟರಲ್ಲಿ ಕೈ ದಣಿದಿರುತ್ತೆ. ಆಗಲೂ ಗುಂಡುಗಳು ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಬಿದ್ದರೆ ಆ ಗನ್ ನಿಮಗೆ ಹೊಂದುತ್ತೆ.

ಹಳೆಯದನ್ನು ಕೊಳ್ಳೋದಾದರೆ ಅಂಗಡಿಯವರನ್ನು ಕೇಳಿ, ಖಾಲಿ ಅಂತ ಖಾತ್ರಿ ಮಾಡಿಕೊಂಡು, ಸಿಲಿಂಡರ್ ಹೊರಗೆ ತೆಗೆದು ನಳಿಗೆ ಫ್ರೇಮ್‌ಗೆ ಕೂಡುವ ಜಾಗದ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಯೂಮಿನಿಯಂ ಫ್ರೇಮ್‌ಗಳು ಬಿರುಕು ಬಿಡೋದು ಅಲ್ಲೇ. ಕೂದಲೆಳೆಯಷ್ಟು ಗೆರೆ ಕಂಡರೂ ಬಿಟ್ಟುಬಿಡಿ. ಆಮೇಲೆ ಸಿಲಿಂಡರ್ ಮುಚ್ಚಿ, ಟ್ರಿಗರ್ ಪೂರ್ತಿ ಎಳೆದು ಹಿಡಿದುಕೊಂಡು ಅದನ್ನು ಅಲ್ಲಾಡಿಸಿ. ಒಂಚೂರು ಅಲ್ಲಾಡಿದರೆ ಪರವಾಗಿಲ್ಲ, ಲೊಡಲೊಡ ಅಂದರೆ ಬೇಡ.

ಜೇಬಿನಲ್ಲಿ ಪಾಕೆಟ್ ಹೋಲ್‌ಸ್ಟರ್ (ಗನ್ ಇಡುವ ಚೀಲ) ಇಲ್ಲದೆ ಯಾವತ್ತೂ ಇಡಬೇಡಿ. ಅದು ಟ್ರಿಗರ್ ಮುಚ್ಚಿರಬೇಕು. ಆ ಜೇಬಿನಲ್ಲಿ ಬೀಗದ ಕೈ, ಪೆನ್ನು, ಚಿಲ್ಲರೆ ಏನೂ ಇರಬಾರದು. ವಾರಕ್ಕೊಮ್ಮೆ ಶುಚಿ ಮಾಡಿ. ಒಂದು ಸಲ ನಾನು ಎರಡು ವಾರ ಬಿಟ್ಟಿದ್ದೆ. ಆಮೇಲೆ ತೆಗೆದು ನೋಡಿದರೆ ನಳಿಗೆಯ ಬಾಯಲ್ಲಿ ಬಟ್ಟೆಯ ನೂಲಿನ ಉಂಡೆ, ಅದರಲ್ಲಿ ಅಂಟಿಕೊಂಡು ಒಂದು ಸಾಸಿವೆ ಕಾಳು! ಅಂಗಡಿಯಲ್ಲಿ ಸಾಸಿವೆ ಅಳೆದು ಪ್ಯಾಕ್ ಮಾಡುವಾಗ ಸಿಡಿದು ಜೇಬಿಗೆ ಬಿದ್ದಿರಬೇಕು. ಅಂದಿನಿಂದ ಭಾನುವಾರ ಬೆಳಿಗ್ಗೆ ತಪ್ಪಿಸಿಲ್ಲ. ರೇಂಜ್‌ನಿಂದ ಬಂದ ಮೇಲೆ ಎಜೆಕ್ಟರ್ ನಕ್ಷತ್ರದ (ಖಾಲಿ ತೋಟಾಗಳನ್ನು ಹೊರಗೆ ತಳ್ಳುವ ನಕ್ಷತ್ರದಾಕಾರದ ಭಾಗ) ಕೆಳಗೂ ಬ್ರಶ್ ಆಡಿಸಿ. ಉರಿಯದೆ ಉಳಿದ ಮದ್ದಿನ ಚೂರು ಅಲ್ಲಿ ಕೂತರೆ ಸಿಲಿಂಡರ್ ಬಿಗಿಯಾಗುತ್ತೆ. ಆ ಎಜೆಕ್ಟರ್ ಗಿಡ್ಡವಾದ್ದರಿಂದ ಖಾಲಿ ತೋಟಾಗಳು ಪೂರ್ತಿ ಹೊರಗೆ ಬರೋದಿಲ್ಲ. ನಳಿಗೆ ಮೇಲಕ್ಕೆ ಮಾಡಿ ಎಜೆಕ್ಟರ್ ಕಡ್ಡಿಯನ್ನು ಅಂಗೈಯಿಂದ ಒಮ್ಮೆ ಜೋರಾಗಿ ಹೊಡೆದರೆ ಉದುರುತ್ತವೆ.

ಐದು ಗುಂಡು ಸಾಕಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. 2018 ರಲ್ಲಿ ಬಂದ ಸಿಗ್ ಪಿ365 ಥರದ ಪಿಸ್ತೂಲು ಸುಮಾರು ಅರ್ಧ ಕೆಜಿ, ಮ್ಯಾಗಜೀನ್‌ನಲ್ಲೇ 10 ಗುಂಡು. ಸೊಂಟಕ್ಕೆ ಬೆಲ್ಟ್ ಹೋಲ್‌ಸ್ಟರ್ ಕಟ್ಟಿಕೊಳ್ಳುವ ಬಟ್ಟೆ ನೀವು ಹಾಕುತ್ತೀರಿ ಅಂದರೆ ಅದನ್ನೇ ತಗೊಳ್ಳಿ, ಗುರಿ ಇಡೋದೂ ಅದರಲ್ಲೇ ಸುಲಭ. ನನಗೆ ಸ್ಲೈಡ್ (ಪಿಸ್ತೂಲಿನ ಹಿಂದಕ್ಕೆ ಎಳೆಯುವ ಮೇಲ್ಭಾಗ) ಎಳೆಯೋಕೆ ಬೆರಳ ಗಂಟುನೋವು ಬಿಡೋದಿಲ್ಲ, ದಿನವಿಡೀ ಮೂಟೆ ಎತ್ತಿ ಬಗ್ಗಿ ಏಳುವ ಕೆಲಸ ಬೇರೆ. ಅದಕ್ಕೆ ಜೇಬಿನ ರಿವಾಲ್ವರ್.

ಮನೆಯಲ್ಲಿ ಮಕ್ಕಳಿದ್ದರೆ ಗನ್ ಜೊತೆಗೇ ಲಾಕ್‌ಬಾಕ್ಸ್ ಕೊಳ್ಳಿ, ಆಮೇಲೆ ನೋಡೋಣ ಅನ್ನಬೇಡಿ. ಗುಂಡು ತುಂಬಿದ ಗನ್ 17 ರ ಒಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ಬಿಡೋದು ಟೆಕ್ಸಸ್‌ನಲ್ಲಿ ಅಪರಾಧ. ನನ್ನದು ಜೇಬಿನಿಂದ ನೇರ ಪೆಟ್ಟಿಗೆಗೆ ಹೋಗುತ್ತೆ. ಅಡುಗೆಮನೆ ಕಟ್ಟೆ ಮೇಲೆ ಒಂದು ನಿಮಿಷವೂ ಇಡೋದಿಲ್ಲ.

ರೇಂಜ್‌ಗೆ ಹೋಗುವಾಗ 642, ಎಲ್‌ಸಿಆರ್, ಸಿಕ್ಕರೆ ಉಕ್ಕಿನ ಜೆ-ಫ್ರೇಮ್ ಒಂದು, ಮೂರನ್ನೂ ಒಂದೇ ದಿನ ಹೊಡೆಯಿರಿ. ಎಲ್ಲದಕ್ಕೂ ಒಂದೇ ವಾಡ್‌ಕಟರ್ ತೋಟಾ ಇರಲಿ, ಆಗಲೇ ಹೋಲಿಕೆ ಸರಿಯಾಗಿ ಗೊತ್ತಾಗೋದು. ಕಿರುಬೆರಳಿಗೆ ಹಿಡಿ ಸಿಗುತ್ತಾ, ಗಾಳಿಯಲ್ಲಿ ನೇತಾಡುತ್ತಾ ಅಂತಲೂ ನೋಡಿ ಬಂದು ಇಲ್ಲಿ ಬರೆಯಿರಿ. ಯಾವ ಗ್ರಿಪ್ ಹಾಕಿಸಬೇಕು ಅಂತ ಆಮೇಲೆ ಹೇಳುತ್ತೇನೆ.