ದೇಶದೊಳಗಿನ ಮಿಷನರಿಗೋ, ವಿದೇಶದ ಮಿಷನರಿಗೋ? ಮೊದಲು ನಿಮ್ಮ ಸಭೆಗೆ ಪಾಸ್‌ಬುಕ್ ಎಷ್ಟಿವೆ ಹೇಳಿ

ನಿಮ್ಮದು ಎಪ್ಪತ್ತು ಮನೆಗಳ ಚರ್ಚ್ ಸಭೆ, ಮಿಷನರಿ ಸೇವೆಗೆ ತಿಂಗಳಿಗೆ 12,000 ರೂಪಾಯಿ, ಅದನ್ನು ಜಾರ್ಖಂಡ್ ಕಡೆ ಕಳಿಸೋಣವೋ ನೇಪಾಳಕ್ಕೋ ಅಂತ ಕಮಿಟಿಯಲ್ಲಿ ಎರಡು ಗುಂಪು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಚರ್ಚಿನ ಹಿಂದಿನ ಕೋಣೆ, ಅಲ್ಲಿನ ಕುಂಟು ಮೇಜು, ಅದರ ಮೇಲಿನ ಮಂಡಕ್ಕಿ-ಮಿರ್ಚಿ ಪೊಟ್ಟಣ ಎಲ್ಲ ಕಣ್ಮುಂದೆ ಬಂತು. ದಾವಣಗೆರೆಯ ಒಂದು ಸಭೆಗೆ ನಾನು ಒಂಬತ್ತು ವರ್ಷ ಖಜಾಂಚಿಯಾಗಿದ್ದವನು. ಇದೇ ಜಗಳವನ್ನು ನಾವೂ ಎರಡು ಕಮಿಟಿ ಮೀಟಿಂಗ್ ಪೂರ್ತಿ ಆಡಿದ್ದೇವೆ.

ನಮ್ಮಲ್ಲಿ ತೀರ್ಮಾನ ತಾನಾಗಿಯೇ ಆಯಿತು. ನಮ್ಮ ಸಂಡೇ ಸ್ಕೂಲಿನಲ್ಲೇ ಬೆಳೆದ ಹುಡುಗ, ಐಟಿಐ ಎಲೆಕ್ಟ್ರಿಷಿಯನ್, ಒಡಿಶಾದ ರಾಯಗಡ ಜಿಲ್ಲೆಗೆ ಸೇವೆಗೆ ಹೋಗುತ್ತೇನೆ ಅಂದ. ಹೆಂಡತಿ ಜಗಳೂರು ಕಡೆಯವಳು. 2010ರಲ್ಲಿ ನಮ್ಮ ಅಯ್ಯನವರು, ಅಂದರೆ ಪಾಸ್ಟರು, ಇಬ್ಬರ ತಲೆ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು. ತಿಂಗಳಿಗೆ 6,000 ರೂಪಾಯಿ ನಾವು ಕೊಡುತ್ತೇವೆ ಅಂತ ಕಮಿಟಿ ಠರಾವು ಬರೆಯಿತು. ಯಾವ ದೊಡ್ಡ ಮಿಷನ್ ಸಂಸ್ಥೆಯೂ ನಡುವೆ ಇರಲಿಲ್ಲ. ನಾವೇ ಕಳಿಸಿದವರು, ನಾವೇ ಸಾಕುವವರು ಅನ್ನೋ ಹೆಮ್ಮೆ.

ದುಡ್ಡು ಎರಡು ದಾರಿಯಿಂದ ಬರುತ್ತಿತ್ತು. ಒಂದು, ತಿಂಗಳ ಮೊದಲ ಭಾನುವಾರದ ಕಾಣಿಕೆ ಕವರ್. ಇನ್ನೊಂದು, ಹಿಡಿ ಅಕ್ಕಿ. ಮಿಜೋರಾಂ ಸಭೆಗಳಲ್ಲಿ 1910ರಿಂದ ನಡೆದುಬಂದ ಪದ್ಧತಿ ಅದು, ಬುಹ್‌ಫಾಯ್ ಥಾಮ್ ಅಂತಾರೆ: ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಎತ್ತಿಡುವುದು, ಸಭೆ ಅದನ್ನು ಒಟ್ಟುಮಾಡಿ ಮಾರಿ ಸುವಾರ್ತಾ ಸೇವೆಗೆ ಬಳಸುವುದು. ನಮ್ಮ ಅಯ್ಯನವರು ಅದನ್ನು ಇಲ್ಲಿ ಶುರು ಮಾಡಿಸಿದರು. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವ ಒಬ್ಬ ದೊಡ್ಡವ್ವ ಪ್ರತಿ ಭಾನುವಾರ ಹಾರ್ಲಿಕ್ಸ್ ಡಬ್ಬಿಯಲ್ಲಿ ಅಕ್ಕಿ ತಂದು ಸುರಿಯುತ್ತಿದ್ದಳು. ಎಂದೂ ತಪ್ಪಿಸಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಉದ್ದವಾದರೂ ಓದಿ, ಯಾಕೆಂದರೆ ಇದನ್ನು ಮಾಡುವವರಿಗೆ ತಪ್ಪು ಅಂತ ಗೊತ್ತೇ ಆಗುವುದಿಲ್ಲ.

ಸಭೆಗೆ ಇದ್ದದ್ದು ಒಂದೇ ಬ್ಯಾಂಕ್ ಖಾತೆ. ದಶಮಾಂಶ (ಆದಾಯದ ಹತ್ತನೇ ಒಂದು ಪಾಲು ಕೊಡುವ ಕಾಣಿಕೆ), ಮದುವೆ ಕಾಣಿಕೆ, ಮಿಷನರಿ ಕವರ್, ಅಕ್ಕಿ ದುಡ್ಡು ಎಲ್ಲ ಅದಕ್ಕೇ. ಯಾವುದು ಎಷ್ಟು ಅಂತ ನನ್ನ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಬರೆಯುತ್ತಿದ್ದೆ, ಪೈಸೆಗೆ ಪೈಸೆ ತಾಳೆಯಾಗುತ್ತಿತ್ತು. ಆದರೆ ಕಮಿಟಿ ನೋಡುವುದು ನೋಟ್‌ಬುಕ್ಕನ್ನಲ್ಲ, ಪಾಸ್‌ಬುಕ್ಕನ್ನು. 2012ರ ಮಳೆಗಾಲಕ್ಕೆ ಮುಂಚೆ ಅದರಲ್ಲಿ 1,38,000 ರೂಪಾಯಿ ಇತ್ತು. ಅದರೊಳಗೆ 46,000 ಮಿಷನರಿದು. ಚರ್ಚಿನ ಹೆಂಚು ಸೋರುತ್ತಿತ್ತು, ತೊಲೆ ಹುಳು ಹಿಡಿದಿತ್ತು. 'ದುಡ್ಡು ಐತಲ್ರಿ, ಮತ್ಯಾಕ್ ತಡ?' ಅಂದರು ಒಬ್ಬ ಹಿರಿಯರು. ಅದರಲ್ಲಿ ನಮ್ಮದಲ್ಲದ್ದೂ ಇದೆ ಅಂತ ಹೇಳಲು ಬಾಯಿ ತೆರೆದೆ. 'ಸುಗ್ಗಿ ಹಬ್ಬದ ಹರಾಜಿನಾಗೆ ತುಂಬ್ಕೊಳ್ಳಾಣ ಬಿಡೋ' ಅಂದರು. ಬಾಯಿ ಮುಚ್ಚಿದೆ. 1,20,000ಕ್ಕೆ ಚೆಕ್ ಬರೆದೆ, ಸಹಿ ಹಾಕಿದೆ.

ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ ಬಾಸೆಲ್ ಮಿಷನ್. ಹೆಂಚು ಬಂದದ್ದು ಮಿಷನರಿಗಳಿಂದ, ಹೆಂಚಿಗಾಗಿ ಹೋದದ್ದೂ ಮಿಷನರಿಯ ದುಡ್ಡೇ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವರ್ಷ ಮಳೆ ಕೈಕೊಟ್ಟಿತು. ಮೆಕ್ಕೆಜೋಳ ಮೊಳಕಾಲೆತ್ತರಕ್ಕೇ ಒಣಗಿತು. ಬೇರೆ ವರ್ಷ ಸುಗ್ಗಿ ಹಬ್ಬಕ್ಕೆ ಚರ್ಚಿಗೆ ತಂದ ಬೆಳೆಯ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಹಟಕ್ಕೆ ಬಿದ್ದು ಎರಡು ಸಾವಿರಕ್ಕೆ ಕೂಗುವ ಜನ, ಆ ಸಲ ನೂರೈವತ್ತಕ್ಕೇ ಸುಮ್ಮನಾದರು. ಖಾತೆಯಲ್ಲಿ ಉಳಿದದ್ದು ಅಯ್ಯನವರ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಹೋಯಿತು. ಆಗಸ್ಟಿನಿಂದ ನವೆಂಬರ್‌ವರೆಗೆ ನಾಲ್ಕು ತಿಂಗಳು ರಾಯಗಡಕ್ಕೆ ಒಂದು ರೂಪಾಯಿಯೂ ಹೋಗಲಿಲ್ಲ. ಗಮನಿಸಿ: ಆ ನಾಲ್ಕು ತಿಂಗಳೂ ಜನ ಕವರ್ ಹಾಕುತ್ತಲೇ ಇದ್ದರು, ದೊಡ್ಡವ್ವ ಅಕ್ಕಿ ಸುರಿಯುತ್ತಲೇ ಇದ್ದಳು. ನಾನು ಕದಿಯಲಿಲ್ಲ. ಕದ್ದವನಿಗೆ ಕದ್ದೆ ಅಂತಾದರೂ ಗೊತ್ತಿರುತ್ತದೆ. ನನಗೆ 'ಸ್ವಲ್ಪ ಅಡ್ಜಸ್ಟ್ ಮಾಡಿದೆ' ಅಂತ ಮಾತ್ರ ಅನ್ನಿಸಿತ್ತು.

ಅವನಿಗೆ ಫೋನ್ ಮಾಡಿ ಸ್ವಲ್ಪ ತಡ ಆಗುತ್ತೆ ಅಂದಿದ್ದೆ. 'ಪರವಾಗಿಲ್ಲಣ್ಣ' ಅಂದ. ಅವನ ಪ್ರಾರ್ಥನಾ ಪತ್ರದಲ್ಲಿ ಕಷ್ಟದ ಮಾತೇ ಇರುತ್ತಿರಲಿಲ್ಲ. ಅಲ್ಲಿಯವರ ಕುವಿ ಭಾಷೆ ಕಲಿಯುತ್ತಿದ್ದೇನೆ, ಅದೂ ನಮ್ಮ ಕನ್ನಡದ ಬಳಗದ್ದೇ, 'ಕಣ್ಣು' ಅನ್ನೋ ಪದಕ್ಕೆ ಅವರೂ ಹೆಚ್ಚುಕಡಿಮೆ ಹಾಗೇ ಅಂತಾರೆ ಅಂತೆಲ್ಲ ಬರೆದಿದ್ದ. ಆರಾಧನೆಯಲ್ಲಿ ಓದಿ ಎಲ್ಲರೂ ಖುಷಿಪಟ್ಟೆವು.

ಜನವರಿಯಲ್ಲಿ ನಾನೇ ಹೋದೆ. ವಿಜಯವಾಡ, ವಿಶಾಖಪಟ್ಟಣ ದಾಟಿ ರೈಲು, ಆಮೇಲೆ ಬಸ್ಸು, ಆಮೇಲೆ ನಡಿಗೆ. ಬೈಕ್ ಎಲ್ಲೋ ಅಂದೆ. ಮಾರಿದ್ದ. ಊರಿನ ಕಿರಾಣಿ ಅಂಗಡಿಯವನು ನನ್ನನ್ನು ನೋಡಿ ಸಾಲದ ಪುಸ್ತಕ ತೆಗೆದು ಎದುರಿಗಿಟ್ಟ. ಎಣ್ಣೆಗೆ ಅಂಟಿಕೊಂಡ ಹಾಳೆಗಳು, ಅಕ್ಷರ ಒಡಿಯಾ, ಅಂಕಿಗಳು ಮಾತ್ರ ನಾನು ಓದಬಲ್ಲಂಥವು. ಮೊದಲ ಸಾಲಿನ ತಾರೀಖು ಆಗಸ್ಟ್ 9. ಪ್ರತಿ ತಿಂಗಳು 5ರೊಳಗೆ ನಮ್ಮ ದುಡ್ಡು ಸೇರಬೇಕಿತ್ತು. ನಾಲ್ಕು ದಿನ ಕಾದು ಸಾಲಕ್ಕೆ ನಿಂತಿದ್ದಾನೆ.

ಬಾಕಿ ತೀರಿಸಿ ಬಂದೆ. ಅಷ್ಟರಲ್ಲಿ ಅವನ ಹೆಂಡತಿಗೆ ನಮ್ಮ ಮೇಲಿನ ನಂಬಿಕೆ ಹೋಗಿತ್ತು, ತಪ್ಪೇನಿಲ್ಲ. ಮರುವರ್ಷ ಅವನು ಸೇವೆ ಬಿಟ್ಟ. ಈಗ ವಿಶಾಖಪಟ್ಟಣದಲ್ಲಿ ವೈರಿಂಗ್ ಕೆಲಸ. ಭಾಷೆ ಕಲಿತಿದ್ದವನು ಅವನೊಬ್ಬನೇ. ಊರಿಗೆ ಬಂದು ಸಭೆಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ದೊಡ್ಡವ್ವ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ, 'ಹಂಗಾರೆ ನನ್ನ ಅಕ್ಕಿ ಹೆಂಚಾತೇನಪ್ಪ?' ಅಂದಳು.

ಇನ್ನು ನಿಮ್ಮ ಪ್ರಶ್ನೆ. 'ದೇಶವೋ ವಿದೇಶವೋ' ಅನ್ನುವುದೇ ಸರಿಯಾದ ಪ್ರಶ್ನೆಯಲ್ಲ. ಮೈಲಿ ಲೆಕ್ಕದಲ್ಲಲ್ಲ, ಪರಿಚಯದ ಲೆಕ್ಕದಲ್ಲಿ ನಮ್ಮ ಹುಡುಗನಿಗೆ ರಾಯಗಡಕ್ಕಿಂತ ದುಬೈ ಹತ್ತಿರವಿತ್ತು. 1903ರಲ್ಲಿ ತಿರುನೆಲ್ವೇಲಿಯ ತಮಿಳು ಕ್ರೈಸ್ತರು ತಮ್ಮದೇ ದುಡ್ಡಿನಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿ ಜನರನ್ನು ಕಳಿಸಿದ್ದು ತೆಲುಗು ಸೀಮೆಯ ದೋರ್ನಕಲ್ಲಿಗೆ. 1909ರಲ್ಲಿ ಆ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ವಿ. ಎಸ್. ಅಜರಯ್ಯ ತಾವೇ ಅಲ್ಲಿಗೆ ಹೋದರು. ಅವರಿಗೆ ಅದೇ ಪರದೇಶ.

ನೇಪಾಳದ ಗುಂಪಿಗೆ ಇಷ್ಟು ಹೇಳಿ. ಸಭೆ ನಡೆಸುವ ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುವುದು ಅದನ್ನು ಭಾರತದೊಳಗೆ ಖರ್ಚು ಮಾಡಿದರೆ; ಹೊರದೇಶದ ಖರ್ಚಿಗೆ ನೇರ ತೆರಿಗೆ ಮಂಡಳಿಯ ಅನುಮತಿ ಬೇಕು. ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು ಅಂತ ಯಾರಾದರೂ ಹೇಳಿದರೆ, ಆ ರಿಸರ್ವ್ ಬ್ಯಾಂಕ್ ಯೋಜನೆ ವ್ಯಕ್ತಿಗಳಿಗೆ, ಟ್ರಸ್ಟಿಗಲ್ಲ. ಹಾಗಂತ ಸಭೆಯ ದುಡ್ಡನ್ನು ಒಬ್ಬರ ಖಾತೆಗೆ ಹಾಕಿ ಕಳಿಸಬೇಡಿ, ನನ್ನ ಕಥೆಯೇ ಆಗುತ್ತದೆ. ನೇಪಾಳದಲ್ಲಿ ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು ಬೇರೆ. ನಿಮ್ಮ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದ ಒಂದು ಫೋಟೊ ಸಾಕು ಅಲ್ಲಿಯವನನ್ನು ಸಿಕ್ಕಿಸಲು. ಅಮೆರಿಕದ ಸಂಬಂಧಿ ಅಷ್ಟೇ ದುಡ್ಡು ಸೇರಿಸುತ್ತಾರೆ ಅಂದಿದ್ದೀರಿ. ಅವರು ಅಲ್ಲಿನ ಪೌರತ್ವ ಪಡೆದವರಾದರೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಇಲ್ಲದೆ ಸಭೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿ ಆದಮೇಲೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ನನ್ನ ಮಟ್ಟಿಗೆ 12,000 ಕೊಡುತ್ತೇವೆ ಅನ್ನಬೇಡಿ, 8,000 ಅನ್ನಿ. ಆರು ತಿಂಗಳ ದುಡ್ಡು ಕೈಯಲ್ಲಿ ಸೇರುವವರೆಗೆ ಯಾರಿಗೂ ಮಾತು ಕೊಡಬೇಡಿ. ಮೂವರಿಗೆ ಹಂಚಬೇಡಿ, ಫ್ಲೆಕ್ಸ್‌ನಲ್ಲಿ ಮೂರು ಮುಖ ಚೆನ್ನಾಗಿ ಕಾಣಬಹುದು, ಅಷ್ಟೇ. ವರ್ಷಕ್ಕೊಮ್ಮೆ ಒಬ್ಬರು ಸ್ವಂತ ಖರ್ಚಿನಲ್ಲಿ ಹೋಗಿ ನೋಡಿ ಬನ್ನಿ. ಮಿಷನರಿಯನ್ನು ಕೇಳಬೇಡಿ, ಅಂಗಡಿಯವನನ್ನು ಕೇಳಿ.

ಮಿಷನರಿ ದುಡ್ಡಿಗೇ ಅಂತ ಎರಡನೇ ಖಾತೆ ಈ ವಾರವೇ ತೆರೆಯಿರಿ. ಸಹಿ ಮಾಡುವ ಇಬ್ಬರಲ್ಲಿ ಒಬ್ಬರಾದರೂ ಕಮಿಟಿಯ ಹೊರಗಿನವರಾಗಿರಲಿ. ನಮ್ಮಲ್ಲಿ ದೊಡ್ಡವ್ವನ ಮಗಳು ಇದ್ದಾಳೆ. ಕಮಿಟಿ ಠರಾವಿನ ಪ್ರತಿ, ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್, ಇಬ್ಬರ ಆಧಾರ್ ಒಯ್ಯಿರಿ. ಡೀಡ್‌ನ ಒರಿಜಿನಲ್ಲೂ ಜೊತೆಗಿರಲಿ, ಜೆರಾಕ್ಸ್ ತಂದಿದ್ದೀರಿ ಅಂತ ನಮ್ಮನ್ನು ಬ್ಯಾಂಕಿನವರು ಮೂರು ಸಲ ವಾಪಸ್ ಕಳಿಸಿದ್ದರು.