ಹಕ್ಕಲಿನ ಹಕ್ಕು, ಕಣದ ಗಾಳಿ: ಬೈಬಲ್ ನಾಡಿನ ಸುಗ್ಗಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬೈಬಲಿನ ಕಥೆಯಲ್ಲಿ ಬಡ ವಿಧವೆ ರೂತಳು ಬೇತ್ಲೆಹೇಮಿನಲ್ಲಿ ಜವೆಗೋಧಿಯ ಕೊಯ್ಲಿನಿಂದ ಹಿಡಿದು ಗೋಧಿಯ ಕೊಯ್ಲು ಮುಗಿಯುವ ತನಕ ಹಕ್ಕಲಾಯ್ದಳು (ಕೊಯ್ಲಿನ ಹಿಂದೆ ಉಳಿದ ತೆನೆ ಆಯ್ದಳು) ಎಂದಿದೆ. ಅದು ಎಷ್ಟು ಕಾಲ?

ಉತ್ತರ: ಸುಮಾರು ಏಳು ವಾರ. ಜವೆಗೋಧಿ ಕಡಿಮೆ ನೀರಿನಲ್ಲೇ ಬೇಗ ಬಲಿಯುತ್ತದೆ. ಏಪ್ರಿಲ್‌ನಲ್ಲಿ ಅದರ ಕೊಯ್ಲು, ಮೇ–ಜೂನ್‌ನಲ್ಲಿ ಗೋಧಿಯದು. ಸೆಕೆ ಹೆಚ್ಚಿರುವ ಯೆರಿಕೋ ತಗ್ಗಿನಲ್ಲಿ ಪೈರು ಬೆಟ್ಟದ ಮೇಲಿನ ಬೇತ್ಲೆಹೇಮಿಗಿಂತ ಮುಂಚೆ ಕುಡುಗೋಲಿಗೆ ಬರುತ್ತದೆ. ಯೆಹೂದಿಗಳ ವಸಂತದ ಹಬ್ಬವಾದ ಪಸ್ಕದ ಹೊತ್ತಿಗೆ ಜವೆಗೋಧಿಯ ಮೊದಲ ಸಿವುಡು (ಕೊಯ್ದ ತೆನೆಯ ಕಟ್ಟು), ಅಲ್ಲಿಂದ ಐವತ್ತನೆಯ ದಿನ ಹೊಸ ಗೋಧಿಯ ಎರಡು ಹುಳಿರೊಟ್ಟಿ ದೇವರಿಗೆ ಎಂಬ ಕಟ್ಟಳೆ ಹೊಂದಿಕೊಂಡಿರುವುದು ಈ ಅಂತರಕ್ಕೇ. ಅದೇ ನಾಡಿನ ಗೆಜೆರ್ ಎಂಬ ಹಳೆಯ ಊರಿನಲ್ಲಿ 1908ರಲ್ಲಿ ಸಿಕ್ಕ ಪುಟ್ಟ ಸುಣ್ಣಕಲ್ಲಿನ ಫಲಕ ಕ್ರಿ.ಪೂ. 10ನೇ ಶತಮಾನದ್ದು. ಅದರಲ್ಲೂ ಒಂದು ತಿಂಗಳು ಜವೆಗೋಧಿ ಕೊಯ್ಲಿಗೆ, ಮುಂದಿನ ತಿಂಗಳು ಕೊಯ್ಲಿಗೆ ಮತ್ತು ಅಳತೆಗೆ ಎಂದು ಕೊರೆದಿದೆ.

ಪ್ರಶ್ನೆ: ಬಡವರು ಯಾರ ಹೊಲಕ್ಕಾದರೂ ನುಗ್ಗಿ ತೆನೆ ಆಯಬಹುದಿತ್ತೇ? ಒಡೆಯ ಬೇಡವೆಂದರೆ?

ಉತ್ತರ: ಆಯುವುದು ಅವರ ಹಕ್ಕು. ಆದರೆ ನುಗ್ಗುವಂತಿರಲಿಲ್ಲ. ಮೋಶೆಯ ಧರ್ಮಶಾಸ್ತ್ರ ಮೂರು ಪಾಲು ಬಿಡಿಸಿ ಹೇಳುತ್ತದೆ: ಕೊಯ್ಯದೆ ಬಿಟ್ಟ ಹೊಲದ ಅಂಚು, ಕೊಯ್ಯುವಾಗ ಉದುರಿದ ತೆನೆ, ಮರೆತುಹೋದ ಸಿವುಡು. ಕ್ರಿ.ಶ. 200ರ ಆಸುಪಾಸಿನಲ್ಲಿ ಸಂಕಲನಗೊಂಡ, ಯೆಹೂದಿ ಗುರುಗಳ ಕಟ್ಟಳೆಗಳ ಗ್ರಂಥವಾದ ಮಿಶ್ನಾ ಇವಕ್ಕೆ ಲೆಕ್ಕ ಹಾಕಿಕೊಟ್ಟಿತು. ಅಂಚಿನ ಪಾಲು ಅರವತ್ತರಲ್ಲಿ ಒಂದಕ್ಕಿಂತ ಕಡಿಮೆಯಾಗಬಾರದು. ಹೊಲ ದೊಡ್ಡದಿದ್ದರೆ, ಬಡವರು ಹೆಚ್ಚಿದ್ದರೆ ಅದಕ್ಕೆ ತಕ್ಕಂತೆ ಜಾಸ್ತಿ ಬಿಡಬೇಕು. ಒಂದೆಡೆ ಎರಡು ತೆನೆ ಬಿದ್ದಿದ್ದರೆ ಬಡವರಿಗೆ, ಮೂರಿದ್ದರೆ ಒಡೆಯನಿಗೆ. ಮರೆತ ಸಿವುಡಿಗೂ ಇದೇ ಲೆಕ್ಕ. ಇದು ಯೆಹೂದಿ ಗುರು ಹಿಲ್ಲೇಲನ ಪಂಥದ ಮಾತು. ಇನ್ನೊಬ್ಬ ಗುರು ಶಮ್ಮೈಯ ಪಂಥದವರು ಮೂರನ್ನೂ ಬಡವರಿಗೇ ಬಿಟ್ಟು, ನಾಲ್ಕಾದರೆ ಮಾತ್ರ ಒಡೆಯನದೆಂದರು. ಮುಳ್ಳು ಚುಚ್ಚಿ ಕೈಯಿಂದ ಜಾರಿದ ಹಿಡಿ ಮಾತ್ರ ಹಕ್ಕಲಲ್ಲ, ಅದು ಒಡೆಯನದೇ. ಅಂಚಿನ ಪಾಲನ್ನು ಬಡವರು ಕುಡುಗೋಲಿನಿಂದ ಕೊಯ್ಯುವಂತಿಲ್ಲ, ಗುದ್ದಲಿಯಿಂದ ಕೀಳುವಂತಿಲ್ಲ. ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಏಟು ಹಾಕಿಕೊಳ್ಳಬಾರದೆಂದು. ಹೊಲಕ್ಕೆ ಬರುವ ಹೊತ್ತೂ ಗೊತ್ತುಪಡಿಸಿತ್ತು: ಬೆಳಗ್ಗೆ, ನಡುಹಗಲು, ಇಳಿಹೊತ್ತು.

ರೂತಳಿಗೆ ಮೊದಲ ದಿನವೇ ಬಡಿದ ಮೇಲೆ ಸಿಕ್ಕಿದ್ದು ಒಂದು ಏಫಾ (ಆಗಿನ ಕಾಳಿನ ಅಳತೆ), ಈಗಿನ ಒಂದು ಅಂದಾಜಿನಲ್ಲಿ 22 ಲೀಟರು. ಬರೀ ಉದುರಿದ ತೆನೆಯಿಂದ ಒಂದೇ ದಿನಕ್ಕೆ ಅಷ್ಟಾಗುವುದು ಕಷ್ಟ. ಸಿವುಡಿನಿಂದಲೇ ತೆನೆ ಎಳೆದು ಬಿಡಿ ಎಂದು ಹೊಲದ ಒಡೆಯ ಬೋವಜ ಆಳುಗಳಿಗೆ ಹೇಳಿದ್ದನಲ್ಲ!

ಪ್ರಶ್ನೆ: ಕಣದಲ್ಲಿ ಎತ್ತುಗಳೇ ತುಳಿಯುತ್ತಿದ್ದವೇ? ತೂರುವುದು ಹೇಗೆ?

ಉತ್ತರ: ಬರೀ ತುಳಿಸುವುದೂ ಇತ್ತು, ಹಲಗೆ ಎಳೆಸುವುದೂ ಇತ್ತು. ಕಣಕ್ಕೆ ಊರಂಚಿನ ಎತ್ತರದ ಬೋಳು ಬಂಡೆ, ಇಲ್ಲವೇ ಬಡಿದು ಗಟ್ಟಿ ಮಾಡಿದ ನೆಲ. ಪಡುವಣ ಗಾಳಿಗೆ ಅಡ್ಡ ಏನೂ ಇರಬಾರದು. ಸಿವುಡು ಬಿಚ್ಚಿ ದುಂಡಗೆ ಹರಡಿ ಹಲಗೆ ಹೂಡುತ್ತಿದ್ದರು. ಜೋಡಿಸಿದ ದಪ್ಪ ಹಲಗೆಗಳ ಮುಂತುದಿ ಮೇಲಕ್ಕೆ ಬಾಗಿರುತ್ತಿತ್ತು, ಅಡಿಯಲ್ಲಿ ತೂತು ಕೊರೆದು ಕರಿಗಲ್ಲಿನ ಅಥವಾ ಕಬ್ಬಿಣದ ಹಲ್ಲು ಬಡಿದಿರುತ್ತಿದ್ದರು. ಭಾರಕ್ಕೆ ಆಳೇ ಮೇಲೆ ನಿಲ್ಲುತ್ತಿದ್ದ. ಕಾಳು ಬಿಡಿಸುವ ಈ ಹಲಗೆ ಹುಲ್ಲನ್ನೂ ತುಂಡರಿಸುತ್ತದೆ, ಅದು ದನಕ್ಕೆ ಮೇವು. ನಡುನಡುವೆ ಕವಲುಗೋಲಿನಿಂದ ಮಗುಚಬೇಕು. ಇಲ್ಲದಿದ್ದರೆ ಮೇಲಿನದು ಪುಡಿ, ಅಡಿಯಲ್ಲಿ ಇಡೀ ತೆನೆ. ಇಬ್ಬನಿ ಆರುವ ಮೊದಲು ಹೂಡಿದರೂ ತೆನೆ ಮುರಿಯದೆ ಮೆತ್ತಗೆ ಜಾರುತ್ತದೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬುದು ಧರ್ಮೋಪದೇಶಕಾಂಡದ ಕಟ್ಟಳೆ. ಜೀರಿಗೆಗೆ ಮಾತ್ರ ಹಲಗೆ ಸಲ್ಲದು, ಕೋಲಿನ ಬಡಿತವೇ ಸರಿ ಎಂದು ಪ್ರವಾದಿ ಯೆಶಾಯನೂ ಬರೆದಿದ್ದಾನೆ.

ತೂರಲು ಬೆಳಗಿನ ಹೊತ್ತು ನಿಷ್ಪ್ರಯೋಜಕ. ಮೆಡಿಟರೇನಿಯನ್ ಕಡೆಯ ಗಾಳಿ ಮಧ್ಯಾಹ್ನದ ಮೇಲೆ ಬೀಸುತ್ತದೆ. ಮೊದಲು ಮರದ ಕವಲುಗೋಲು, ಹುಲ್ಲು ಹೋದ ಮೇಲೆ ಮರದ ಸಲಿಕೆ. ಕಾಳು ನೇರ ಕೆಳಗೆ, ತುಂಡು ಹುಲ್ಲು ಸ್ವಲ್ಪ ಆಚೆ, ಹೊಟ್ಟು ಇನ್ನೂ ದೂರ. ಗಾಳಿ ಬಿರುಸಾದರೆ ಕಾಳೂ ಹುಲ್ಲಿನ ರಾಶಿಗೇ ಹೋಗಿ ಬೀಳುತ್ತದೆ. ಆಗ ನಿಲ್ಲಿಸುವುದೇ ಲೇಸು. ಆಮೇಲೆ ಎರಡು ಜರಡಿ: ದೊಡ್ಡ ಕಣ್ಣಿನದು ಕಲ್ಲು, ಹೆಂಟೆ ತಡೆದು ಕಾಳು ಬಿಡುತ್ತದೆ, ಸಣ್ಣ ಕಣ್ಣಿನದು ಕಾಳು ಉಳಿಸಿಕೊಂಡು ಮಣ್ಣು ಉದುರಿಸುತ್ತದೆ. ರಾಶಿಯ ಪಕ್ಕ ಬೋವಜ ಮಲಗಿದ್ದನಲ್ಲ, ಅಲ್ಲಿ ರೈತರು ಹಾಗೆ ಮಲಗುತ್ತಿದ್ದುದು ಕಳ್ಳರ ಭಯಕ್ಕೆ.

ಪ್ರಶ್ನೆ: ಯೇಸು ತನ್ನ ಸಾಮ್ಯದಲ್ಲಿ ಹೇಳಿದ, ಗೋಧಿಯ ನಡುವೆ ಬೆಳೆಯುವ ಕಳೆಯಾದ ಹಣಜಿಯನ್ನು ಮೊದಲೇ ಏಕೆ ಕೀಳಬಾರದು?

ಉತ್ತರ: ತೆನೆ ಒಡೆಯುವ ತನಕ ಅದೂ ಗೋಧಿಯೂ ಒಂದೇ ಥರ. ಗುರುತು ಸಿಗುವಷ್ಟರಲ್ಲಿ ಬೇರುಗಳು ಹೆಣೆದುಕೊಂಡಿರುತ್ತವೆ, ಕಿತ್ತರೆ ಗೋಧಿಯೂ ಬರುತ್ತದೆ. ಬೀಜದೊಳಗೆ ಬೆಳೆಯುವ ಶಿಲೀಂಧ್ರದಿಂದ ಹಣಜಿಯ ಕಾಳು ವಿಷವಾಗುತ್ತದೆ. ಹಿಟ್ಟಿಗೆ ಬೆರೆತರೆ ತಲೆಸುತ್ತು, ನಡುಕ, ವಾಂತಿ. ಕಾಳು ಗೋಧಿಗಿಂತ ಚಿಕ್ಕದಾದ್ದರಿಂದ ಜರಡಿಯಲ್ಲಿ ಬಹುಪಾಲು ಇಳಿಯುತ್ತದೆ, ಉಳಿದದ್ದನ್ನು ಕೈಯಲ್ಲೇ ಆರಿಸಬೇಕು. ಗೋಧಿ ಜೊಳ್ಳಾದ ವರ್ಷ ಜರಡಿಯನ್ನು ನಂಬುವಂತಿಲ್ಲ.

ಪ್ರಶ್ನೆ: ಕೊನೆಯ ಸಿವುಡಿಗೆ ಏನಾದರೂ ಶಾಸ್ತ್ರವಿತ್ತೇ?

ಉತ್ತರ: ಮೃತ ಸಮುದ್ರದ ಮೂಡಣ ಮೋವಾಬಿನ ಅರಬರಲ್ಲಿ ಇಂಥದ್ದೊಂದು 20ನೇ ಶತಮಾನದ ಆರಂಭದಲ್ಲಿ ದಾಖಲಾಗಿದೆ. ಗೋರಿಯಂತೆ ಗುಂಡಿ ತೋಡಿ, ಎರಡು ಕಲ್ಲು ನೆಟ್ಟು, ಕೊನೆಯ ಸಿವುಡನ್ನು ಮಲಗಿಸಿ ‘ಮುದುಕ ಸತ್ತ’ ಎಂದು ಮಣ್ಣು ಮುಚ್ಚುತ್ತಿದ್ದರು. ಪ್ಯಾಲೆಸ್ತೀನಿನ ಹಳ್ಳಿಗಳಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ದೇವರನ್ನು ನೆನೆಯುತ್ತಿದ್ದರು. ಅಳತೆಯ ಪಾತ್ರೆಗೆ ಕಾಳು ತುಂಬಿ, ಅಲುಗಿಸಿ, ಒತ್ತಿ, ಮತ್ತೆ ತುಂಬಿ, ತುದಿಯಿಂದ ಕಾಳು ಜಾರುವ ತನಕ ಸುರಿಯಬೇಕು. ‘ಜಡಿದು, ಅಲ್ಲಾಡಿಸಿ, ಹೊರಚೆಲ್ಲುವ’ ಅಳತೆ ಎಂದು ಲೂಕನ ಸುವಾರ್ತೆಯಲ್ಲಿ ಬರುವುದು ಇದೇ.